ಫೋಟೋಗೆ ಟೊಮೇಟೊ, ಪರೀಕ್ಷೆಗೆ ಖಾಲಿ ಮಣ್ಣು

ಮಾನ್ಯ ಪ್ರಾಂಶುಪಾಲರೇ,

ನನ್ನ ಬೀನ್ಸ್ ಗಿಡಗಳನ್ನು ಕೀಳಿಸಿದವರು ನೀವು. ಗಿಡವಿಲ್ಲವೆಂದು ಪ್ರಾಯೋಗಿಕ ಪರೀಕ್ಷೆಯಲ್ಲಿ ಫೇಲಾದವಳು ನಾನು. ಇದನ್ನು ಹೇಳಲು ನಿಮ್ಮ ಕೊಠಡಿಗೇ ಬಂದಿದ್ದೆ. ನೀವು ಗಡಿಯಾರ ನೋಡಿ, "ಮುಂದಿನ ವರ್ಷ ನೋಡಿಕೋ" ಅಂದಿರಿ. ಹಾಗಾಗಿ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಇಂಗ್ಲಿಷ್ ಜಾಸ್ತಿ ಬೆರೆತಿದ್ದರೆ ಕ್ಷಮಿಸಿ. ಐದನೇ ಕ್ಲಾಸಿನಿಂದ ಹಾಸ್ಟೆಲ್ಲಿನಲ್ಲಿ ಬೆಳೆದವಳು. ಮನೆಯವರ ಜೊತೆ ಕನ್ನಡ ಮಾತಾಡಿದ್ದೆಲ್ಲ ಹೆಚ್ಚಾಗಿ ಫೋನಿನಲ್ಲೇ.

ಮೊದಲ ದಿನ ನಮ್ಮ ಕೃಷಿ ಕಾಲೇಜಿನ ಸಭಾಂಗಣದಲ್ಲಿ ಮೈಕ್ ಹಿಡಿದು ನೀವು ಹೇಳಿದ ಮಾತು ನೆನಪಿದೆಯೇ? "ಇಲ್ಲಿ ಸತ್ತ ಗಿಡಕ್ಕೂ ಮಾರ್ಕ್ಸ್ ಇದೆ ಮಕ್ಕಳೇ. ಯಾಕೆ ಸತ್ತಿತು ಅಂತ ಸರಿಯಾಗಿ ಹೇಳಿದ್ರೆ ಸಾಕು." ವಾರ್ಡನ್ ಹೆಜ್ಜೆ ಸಪ್ಪಳ ಕೇಳಿದರೂ ಏನು ತಪ್ಪು ಮಾಡಿದೆನೋ ಎಂದು ಲೆಕ್ಕ ಹಾಕುವ ನನ್ನಂಥವಳಿಗೆ ಆ ಮಾತು ಏನಾಗಿತ್ತು ಎಂದು ನಿಮಗೆ ಗೊತ್ತಿರಲಾರದು. ನಾನು ಅದನ್ನು ನಂಬಿದೆ. ನನ್ನ ತಪ್ಪೇನಾದರೂ ಇದ್ದರೆ ಅದಿಷ್ಟೇ.

ಪ್ರಥಮ ವರ್ಷದ ಪ್ರತಿಯೊಬ್ಬರಿಗೂ ಒಂದು ತುಂಡು ನೆಲ: ನಿಮ್ಮ ಸುತ್ತೋಲೆಯಲ್ಲಿ "ಪ್ರಾಯೋಗಿಕ ತಾಕು", ನಮ್ಮ ಬಾಯಲ್ಲಿ ಪ್ಲಾಟ್. ನನ್ನದು ತಗ್ಗಿನ ಮೂಲೆ. ನಲ್ಲಿಯಿಂದ ಹರಿದ ನೀರೆಲ್ಲ ಅಲ್ಲೇ ಬಂದು ನಿಲ್ಲುತ್ತಿತ್ತು. ಬೀನ್ಸ್ ಎಲೆ ಹಳದಿಯಾಯಿತು. ಗೊಬ್ಬರ ಸಾಲದೇನೋ ಎಂದು ಇನ್ನಷ್ಟು ಹಾಕಿದೆ, ಇನ್ನಷ್ಟು ಹಳದಿಯಾಯಿತು. ಕೊನೆಗೆ ಒಂದನ್ನು ಕಿತ್ತು ನೋಡಿದರೆ ಬೇರುಗಳೇ ಕೊಳೆಯುತ್ತಿದ್ದವು. ಆಗ ಒಂದು ಸಾಲಿನ ಪಕ್ಕ ಕಾಲುವೆ ತೋಡಿ ನೀರು ಬಸಿದೆ, ಇನ್ನೊಂದನ್ನು ಬೇಕೆಂದೇ ಹಾಗೇ ಬಿಟ್ಟೆ. ಕಾಲುವೆ ಪಕ್ಕದ ಸಾಲು ಚೇತರಿಸಿಕೊಂಡಿತು. ಗಾಳಿಯ ಸಾರಜನಕವನ್ನು ಹಿಡಿದಿಡುವ ಸಣ್ಣ ಗಂಟುಗಳು ಅದರ ಬೇರಿನಲ್ಲಿ ಮೂಡಿದವು. ಇನ್ನೊಂದು ಸಾಲು ಸಾಯುತ್ತಿತ್ತು. ಪರೀಕ್ಷೆಗೆ ನನ್ನ ಉತ್ತರ ಆ ಎರಡು ಸಾಲುಗಳೇ. "ಏನೇ, ಒಂದ್ ಕಡೆ ಐಸಿಯು, ಇನ್ನೊಂದ್ ಕಡೆ ಶವಾಗಾರ ನಡೆಸ್ತಿದ್ದೀಯಾ?" ಎಂದು ರೂಮ್‌ಮೇಟ್ ನಗುತ್ತಿದ್ದಳು.

ಆಮೇಲೆ ಕಾಲೇಜನ್ನು ನೋಡಲು ಪರಿಶೀಲನಾ ತಂಡ ಬರುತ್ತದೆಂಬ ಸುದ್ದಿ ಬಂತು. ತೋಟದ ಮೇಲ್ವಿಚಾರಕರು ಸೊಂಟದ ಮೇಲೆ ಕೈಯಿಟ್ಟು ನಿಂತರು. "ಏನಮ್ಮಾ ಇದು, ಕಾಮಾಲೆ ಹಿಡಿದಂಗಿದೆಯಲ್ಲ!"

"ಸರ್, ಅದು ಬೇಕಂತಲೇ ಬಿಟ್ಟಿರೋದು."

"ಬೇಕಂತ ಯಾರಾದ್ರೂ ಗಿಡ ಸಾಯಿಸ್ತಾರಾ? ಪ್ರಿನ್ಸಿಪಾಲರು ಕ್ಲೀನ್ ಮಾಡ್ಸು ಅಂದಿದ್ದಾರೆ. ಹೋಗ್ ಹೋಗು, ಕ್ಲಾಸಿಗೆ ಲೇಟಾಯ್ತು."

ಕ್ಲಾಸು ಮುಗಿಸಿ ಬರುವಷ್ಟರಲ್ಲಿ ಎರಡೂ ಸಾಲು ಇರಲಿಲ್ಲ. ನರ್ಸರಿಯಿಂದ ತಂದ, ಹಣ್ಣು ಜೋತುಬಿದ್ದ ಟೊಮೇಟೊ ಗಿಡಗಳು ಕುಂಡದ ಸಮೇತ ಮಣ್ಣಿನಲ್ಲಿ ಹೂತು ನಿಂತಿದ್ದವು. ಕುಂಡದ ಅಂಚು ಕಾಣದಂತೆ ಒಣಗಿದ ಎಲೆ ಹರಡಿದ್ದರು. ಎಂಥ ವಿಜ್ಞಾನ ಸರ್! ಒಂದೇ ಬೆಳಗಿನಲ್ಲಿ ಬೀನ್ಸನ್ನು ಟೊಮೇಟೊ ಮಾಡುವ ಈ ವಿದ್ಯೆಯನ್ನು ನಮ್ಮ ಸಿಲಬಸ್ಸಿಗೆ ಯಾಕೆ ಸೇರಿಸಿಲ್ಲ?

ತಂಡದವರ ಮುಂದೆ ನನ್ನ ಕೈಗೆ ನೀರಿನ ಕ್ಯಾನ್ ಕೊಟ್ಟವರೂ ನೀವೇ. "ಸ್ವಲ್ಪ ನಗಮ್ಮ" ಅಂದಿರಿ. ಆ ಫೋಟೋ ಕಾಲೇಜಿನ ವೆಬ್‌ಸೈಟಿನಲ್ಲಿ "ವಿದ್ಯಾರ್ಥಿನಿಯ ಸಾಧನೆ" ಎಂಬ ತಲೆಬರಹದೊಂದಿಗೆ ಬಂತು. ಇಸ್ತ್ರಿ ಅಂಗಡಿ ನಡೆಸುವ ನನ್ನಮ್ಮ ಕೆಲಸ ಬಿಟ್ಟು ಫೋನ್ ಮಾಡಿದಳು. "ಎಷ್ಟು ಕೆಂಪಗೆ ಬೆಳೆಸಿದ್ದೀಯೇ! ಬಟ್ಟೆ ಕೊಡೋಕೆ ಬಂದೋರಿಗೆಲ್ಲ ತೋರಿಸ್ತಿದ್ದೀನಿ. ಅಲ್ಲಾ, ನೀನು ಬೀನ್ಸ್ ಅಂದಿದ್ದೆಯಲ್ಲ?"

"ಅದೂ ಇದೆ ಅಮ್ಮ" ಅಂದೆ.

ತಂಡ ಹೋಯಿತು, ಕುಂಡಗಳು ನರ್ಸರಿಗೆ ಮರಳಿದವು. ಹೊರಗಿನಿಂದ ಬಂದ ಪರೀಕ್ಷಕರು "ಒಂದು ಗಿಡ ಕಿತ್ತು ಬೇರಿನ ಗಂಟು ತೋರಿಸಮ್ಮ" ಎಂದಾಗ ನನ್ನ ಮುಂದೆ ಇದ್ದದ್ದು ಕುಂಡದಳತೆಯ ಗುಂಡಿಗಳು.

"ತೆಗೆಸಿಬಿಟ್ರು ಸರ್."

"ಯಾರು ತೆಗೆಸಿದ್ದು?"

ಮೇಲ್ವಿಚಾರಕರು ಮೋಡ ನೋಡುತ್ತಿದ್ದರು. ಪರೀಕ್ಷಕರ ಪಕ್ಕದಲ್ಲೇ ನಿಂತಿದ್ದ ನಿಮ್ಮ ಮುಖ ನೋಡಿದೆ. ನಿಜ ಹೇಳುತ್ತೇನೆ, ನೀವೇ ಹೇಳುತ್ತೀರಿ ಎಂದುಕೊಂಡಿದ್ದೆ. ನೀವು ಪರೀಕ್ಷಕರ ಕಡೆ ತಿರುಗಿ, "ಈಗಿನ ಮಕ್ಕಳಿಗೆ ಮಣ್ಣು ಮುಟ್ಟೋಕೇ ಬೇಜಾರು ಸರ್" ಅಂದಿರಿ. ಫೇಲಾದದ್ದಕ್ಕಿಂತ ಹೆಚ್ಚು ನೋವಾದದ್ದು ಆ ಮಾತಿಗೆ. ನನ್ನ ಉಗುರಿನ ಸಂದಿಯ ಮಣ್ಣು ಆಗಲೂ ಹೋಗಿರಲಿಲ್ಲ.

ಪ್ರಾಯೋಗಿಕದಲ್ಲಿ ಫೇಲಾದವರಿಗೆ ಎರಡನೇ ವರ್ಷ ಹಾಸ್ಟೆಲ್ ಸೀಟಿಲ್ಲ. ಇದು ನಿಮ್ಮದೇ ನಿಯಮ. ಹೊರಗೆ ರೂಮು ಮಾಡಿಸಿ ಓದಿಸಲು ನನ್ನಮ್ಮನಿಂದಾಗದು. ಸೀಟು ಹೋದರೆ ನನ್ನ ಓದೇ ಹೋದಂತೆ. ನೀವು ಹೇಳಿದಂತೆ "ಮುಂದಿನ ವರ್ಷ ನೋಡಿಕೊಳ್ಳಲು" ನನಗೆ ಮುಂದಿನ ವರ್ಷವೇ ಇಲ್ಲ.

ಆದ್ದರಿಂದ ಕೇಳುತ್ತೇನೆ: ಗಿಡ ಯಾರು ಕೀಳಿಸಿದರೆಂದು ಪರೀಕ್ಷಕರಿಗೆ ನೀವೇ ಬರೆದು ತಿಳಿಸಿ. ರಜೆಯಲ್ಲಿ ನನಗೆ ಮರುಪರೀಕ್ಷೆ ಕೊಡಿಸಿ. ಅದು ಮುಗಿಯುವವರೆಗೆ ನನ್ನ ಹಾಸ್ಟೆಲ್ ಸೀಟು ಬೇರೆಯವರಿಗೆ ಕೊಡಬೇಡಿ. ಕೃಪೆ ಬೇಡ, ಗ್ರೇಸ್ ಮಾರ್ಕ್ಸೂ ಬೇಡ. ಬೇರೆ ಒಳ್ಳೆಯ ಪ್ಲಾಟ್ ಕೊಡುತ್ತೇವೆ ಎಂದರೂ ಬೇಡ.

ಅದೇ ತಗ್ಗಿನ ಮೂಲೆಯಲ್ಲಿ ಇವತ್ತು ಬೆಳಿಗ್ಗೆ ಎರಡು ಸಾಲು ಬೀಜ ಹಾಕಿದ್ದೇನೆ. ಅನುಮತಿ ಕೇಳಿಲ್ಲ. ವಾರ್ಡನ್ ಹೆಜ್ಜೆ ಸಪ್ಪಳಕ್ಕೆ ಈಗಲೂ ಒಂದು ಕಿವಿಯಿಟ್ಟೇ ಇದನ್ನು ಬರೆಯುತ್ತಿದ್ದೇನೆ. ಮತ್ತೆ ಕೀಳಿಸಲೇಬೇಕೆಂದಿದ್ದರೆ ಒಂದೇ ವಿನಂತಿ: ನಾನು ಕ್ಲಾಸಿನಲ್ಲಿದ್ದಾಗ ಬೇಡ. ನನ್ನ ಎದುರಿಗೇ ಬನ್ನಿ, ಮೇಲ್ವಿಚಾರಕರನ್ನು ಕಳಿಸದೆ ನೀವೇ ಬಗ್ಗಿ ಕೀಳಿ.

ಇಂತಿ,
ಸದ್ಯಕ್ಕಿನ್ನೂ ನಿಮ್ಮ ವಿದ್ಯಾರ್ಥಿನಿಯಾಗಿರುವ ಒಬ್ಬಳು