ಸೀಲು ಮಾಡಿದ ಲಕೋಟೆಯೊಳಗಿನ ರಕ್ತದಾನಿಗಳು

ಗಣಕಯಂತ್ರ ಪರಿಶೀಲನಾ ವಿಭಾಗದ ಮಾನ್ಯ ಅಧಿಕಾರಿಗಳೇ,

ಯಾವ ರೋಗವೂ ಇಲ್ಲದ ನನ್ನ ಮೂರು ಫ್ಲಾಪಿಗಳಿಗೆ ವೈರಸ್ ಇದೆಯೆಂದು ತೀರ್ಪು ಕೊಟ್ಟು, ಲಕೋಟೆಗೆ ಹಾಕಿ, ಅರಗಿನ ಮುದ್ರೆ ಒತ್ತಿ ತಾವು ಇಟ್ಟುಕೊಂಡು ಇವತ್ತಿಗೆ ಹನ್ನೊಂದು ದಿನ. ಅವುಗಳಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ನಾನೂರ ಹನ್ನೆರಡು ರಕ್ತದಾನಿಗಳ ಹೆಸರು, ಊರು, ರಕ್ತದ ಗುಂಪು ಇವೆ. ಬರುವ ಸೋಮವಾರ ತೀರ್ಥಹಳ್ಳಿ ಕಡೆಯ ತುಂಗಮ್ಮನವರಿಗೆ ಸಾಗರದಲ್ಲಿ ಆಪರೇಷನ್. ಬೇಕಾಗಿರುವುದು ಓ ನೆಗೆಟಿವ್ ರಕ್ತ. ಅದು ಯಾರಲ್ಲಿದೆಯೆಂದು ಹೇಳಬಲ್ಲ ಪಟ್ಟಿ ತಮ್ಮ ಕಬ್ಬಿಣದ ಬೀರುವಿನಲ್ಲಿ ಸುಖವಾಗಿ ಮಲಗಿದೆ.

ನಾನೊಬ್ಬ ಟೈಪಿಂಗ್ ಮೇಷ್ಟ್ರು. ಹೋದ ವರ್ಷ ಟೈಪ್‌ರೈಟರ್‌ಗಳ ನಡುವೆ ಒಂದು ಕಂಪ್ಯೂಟರ್ ತಂದು ಕೂರಿಸಿದೆ. ಅದರ ಹೊಟ್ಟೆಯಲ್ಲಿ ಏನೂ ಉಳಿಯುವುದಿಲ್ಲ, ಎಲ್ಲವೂ ಫ್ಲಾಪಿಯಲ್ಲೇ. ಪುಸ್ತಕ ನೋಡಿ ನೋಡಿ, ನಮ್ಮ ರಕ್ತದಾನ ಶಿಬಿರದಲ್ಲಿ ಹೆಸರು ಕೊಟ್ಟ ದಾನಿಗಳನ್ನು ಹುಡುಕುವ ಪ್ರೋಗ್ರಾಮ್ ಬರೆದೆ. ನಮ್ಮ ಮಳೆಗಾಲದಲ್ಲಿ ಫ್ಲಾಪಿಗೂ ಬೂಷ್ಟು ಹಿಡಿಯುತ್ತದೆ. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಉಪ್ಪಿನಕಾಯಿಯನ್ನೇ ಎರಡು ಭರಣಿಯಲ್ಲಿಡುವ ಜನ ನಾವು. ಅದೇ ಬುದ್ಧಿಯಿಂದ, ಪ್ರೋಗ್ರಾಮ್ ಶುರುವಾದಾಗಲೆಲ್ಲ ಪಕ್ಕದ ಫ್ಲಾಪಿಗೆ ಪಟ್ಟಿಯ ಸಮೇತ ತನ್ನದೊಂದು ನಕಲನ್ನು ತಾನೇ ಹಾಕಿಕೊಳ್ಳುವಂತೆ ಮಾಡಿದೆ. ಎಂಥ ಜಾಣ ನಾನು ಎಂದು ಬೆನ್ನನ್ನೂ ತಟ್ಟಿಕೊಂಡೆ.

ನನ್ನಲ್ಲಿ ಪ್ರಿಂಟರ್ ಇಲ್ಲ. ಪಟ್ಟಿಯನ್ನು ಅಚ್ಚು ಹಾಕಿಸಲು ಬಸ್ಸು ಹತ್ತಿ ತಮ್ಮ ಕಚೇರಿಗೆ ಬಂದೆ. ಹೊಸದಾಗಿ ತರಿಸಿದ್ದ ವೈರಸ್ ಹಿಡಿಯುವ ಪ್ರೋಗ್ರಾಮನ್ನು ತಾವು ಓಡಿಸಿದಿರಿ. ಅದು ಕೀ ಎಂದು ಕೂಗಿತು.

"ಇದು ತನ್ನನ್ನ ತಾನೇ ನಕಲು ಮಾಡ್ಕಳ್ತದಲ್ರೀ. ವೈರಸ್ ಮಾಡದೂ ಇದನ್ನೇ," ಎಂದಿರಿ.

"ಸ್ವಾಮಿ, ಅದು ಬೂಷ್ಟಿನ ಹೆದರಿಕೆಗೆ ನಾನೇ ಮಾಡಿದ್ದು," ಎಂದೆ.

"ಮಿಷನ್ ಸುಳ್ಳು ಹೇಳ್ತದಾ? ಉಳಿದ ನಕಲೆಲ್ಲ ತಂದು ಕೊಡಿ."

ಕೊಟ್ಟೆ. ಪ್ರಾಮಾಣಿಕತೆಯೆಂಬ ಕಾಯಿಲೆ ನನಗೆ ಚಿಕ್ಕಂದಿನಿಂದಲೂ ಇದೆ. ದಾನಿಗಳು ಬರೆದುಕೊಟ್ಟಿದ್ದ ಚೀಟಿಗಳನ್ನೂ ಕೇಳಿದಿರಿ, ಅವನ್ನೂ ಕೊಟ್ಟೆ. ಕಾಗದಕ್ಕೂ ಈ ವೈರಸ್ ತಗಲುತ್ತದೆಯೇ, ಮಾನ್ಯರೇ? ನಕಲು ತೆಗೆಯುವುದೇ ರೋಗದ ಲಕ್ಷಣವಾದರೆ, ನನ್ನ ಫ್ಲಾಪಿಗಳನ್ನು ಯಾರೂ ಮುಟ್ಟಕೂಡದೆಂಬ ತಮ್ಮ ಆದೇಶ ಐದು ಕಾರ್ಬನ್ ಪ್ರತಿಗಳಲ್ಲಿ ಹೊರಟಿತಲ್ಲ, ಅದನ್ನು ಯಾವ ಬೀರುವಿನಲ್ಲಿಡೋಣ?

ನಿನ್ನೆ ತುಂಗಮ್ಮನವರ ಗಂಡ ಹೂವಯ್ಯನವರು ಬಂದು ಬೆಂಚಿನ ತುದಿಯಲ್ಲಿ ಕೂತರು.

"ಮೇಷ್ಟ್ರೇ, ನಿಮ್ಮ ಮಿಷನ್ನಿಗೆ ಎಲ್ಲಾ ಗೊತ್ತಂತಲ್ಲ. ಹೆಸರೊಂದು ಹೇಳಿ ಸಾಕು. ಕಾಲು ಹಿಡಿದಾದ್ರೂ ಕರ್ಕೊಂಡು ಬರ್ತೀನಿ," ಎಂದರು.

ನಾನೂರು ಹೆಸರುಗಳನ್ನು ನಾನೇ ಟೈಪ್ ಮಾಡಿದ್ದೆ. ಕೇಳಿದ ಹೆಸರು ನೆನಪಿಗೆ ಬರಲಿಲ್ಲ. ನಾಚಿಕೆಯಾಯಿತು. ಆಮೇಲೆ ವಿಪರೀತ ಸಿಟ್ಟು ಬಂತು.

ಆ ಸಿಟ್ಟಿನಲ್ಲೇ ಒಂದು ಸಂಗತಿ ನೆನಪಾಯಿತು. ಇಡೀ ಪಟ್ಟಿಯಲ್ಲಿ ಓ ನೆಗೆಟಿವ್‌ನವರು ಇಬ್ಬರೇ. ಒಬ್ಬರು ಹೊಸನಗರದ ಕಡೆಯವರು, ಅವರ ಹೆಸರು ಲಕೋಟೆಯಲ್ಲಿದೆ. ಇನ್ನೊಬ್ಬರು ನಮ್ಮ ಶಿಬಿರದ ಉದ್ಘಾಟನೆಗೆ ಬಂದು, ಬೆರಳು ಚುಚ್ಚಿಸಿಕೊಂಡು, ಫೋಟೋ ತೆಗೆಸಿಕೊಂಡು, "ಯಾವ ಹೊತ್ತಿಗೆ ಬೇಕಾದರೂ ಕರೆಯಿರಿ, ಓಡಿ ಬರುತ್ತೇನೆ" ಎಂದು ಭಾಷಣ ಮಾಡಿ ಹೋದವರು. ಅವರು ತಾವೇ.

ಆದ್ದರಿಂದ ಶನಿವಾರದೊಳಗೆ ಮುದ್ರೆ ಒಡೆದು ನನ್ನ ಫ್ಲಾಪಿಗಳನ್ನು ಹಿಂದಿರುಗಿಸಿ. ಪರಿಶೀಲನೆ ಇನ್ನೂ ಮುಗಿದಿಲ್ಲವೆಂದಾದರೆ ಅವಸರವಿಲ್ಲ, ಲಕೋಟೆ ಅಲ್ಲೇ ಇರಲಿ. ಸೋಮವಾರ ಬೆಳಿಗ್ಗೆ ಎಂಟಕ್ಕೆ ತಾವೇ ಆಸ್ಪತ್ರೆಗೆ ಬನ್ನಿ. ಹೂವಯ್ಯನವರು ಬಾಗಿಲಲ್ಲೇ ಕಾಯುತ್ತಿರುತ್ತಾರೆ. ತೋಳು ಸಡಿಲವಿರುವ ಅಂಗಿ ಹಾಕಿಕೊಂಡು ಬನ್ನಿ.

ಇಂತಿ,
ಒಂದು ನಕಲನ್ನಾದರೂ ಬಚ್ಚಿಡಬೇಕಿತ್ತೆಂದು ತಡವಾಗಿ ಬುದ್ಧಿ ಬಂದ
ಹೇರಂಬ, ಟೈಪಿಂಗ್ ಮೇಷ್ಟ್ರು
ಸಾಗರ, ಆಗಸ್ಟ್ ೧೯೮೯