ಅತ್ತೆಯ ಬಂದರಿಗೆ ಬೀಗ

ಮಾರ್ಚ್ 3, ಸೋಮವಾರ

ಬೆಳಿಗ್ಗೆ ಪೂರ್ತಿ ಒಂದೇ ಹಲ್ಲಿನ ಸೆಟ್‌ಗೆ ಹೋಯಿತು. ಡಾಕ್ಟರು ಮತ್ತೆ ಲ್ಯಾಬ್‌ಗೆ ವಾಪಸ್ ಕಳಿಸಿದ್ದಾರೆ — ತೀರಾ ಬಿಳಿಯಂತೆ. ಎಪ್ಪತ್ತು ದಾಟಿದ ಬಾಯಿಗೆ ಎಷ್ಟು ಹಳದಿ ಒಪ್ಪುತ್ತದೋ ಅಷ್ಟು ಬೆರೆಸಿ ಕೊಟ್ಟೆ. ಕೈಯೆಲ್ಲ ಪ್ಲಾಸ್ಟರ್ ವಾಸನೆ, ಸೋಪಿಗೂ ಬಗ್ಗುತ್ತಿಲ್ಲ.

ಮನೆಗೆ ಬಂದರೆ ಅತ್ತೆ ಎಂದಿನಂತೆ ಕಂಪ್ಯೂಟರಿನ ಮುಂದೆ, ಆಪರೇಷನ್ ಆದ ಮಂಡಿಯನ್ನು ಸ್ಟೂಲಿನ ಮೇಲೆ ಚಾಚಿಕೊಂಡು. ಆದರೆ ಆಡುತ್ತಿಲ್ಲ. ಕೈ ಕಟ್ಟಿ ಕೂತಿದ್ದಾರೆ.

"ಏನೋ ಬಂದಿದೆ ನೋಡಮ್ಮ. ಮುಟ್ಟಿದ್ರೆ ಏನಾಗತ್ತೋ ಅಂತ ಹಾಗೇ ಬಿಟ್ಟಿದೀನಿ."

ಓದಿದೆ. ಅತ್ತೆ ಆಡುವ, ಬಂದರು ಕಟ್ಟುವ ಆಟ ಮಾರ್ಚ್ ಮೂವತ್ತೊಂದರ ನಂತರ ಬರೀ ಡಿಸ್ಕ್ ಹಾಕಿದರೆ ತೆರೆಯುವುದಿಲ್ಲ. ಕಂಪನಿಯ ಆನ್‌ಲೈನ್ ಪ್ಲಾಟ್‌ಫಾರ್ಮ್‌ನಲ್ಲಿ ಅಕೌಂಟ್ ಮಾಡಿ, ಡಬ್ಬಿಯೊಳಗಿನ ಕೋಡ್ ಸೇರಿಸಬೇಕು. ಕಡ್ಡಾಯ.

"ಡಿಸ್ಕ್ ನಮ್ಮದಲ್ವಾ?"

ನಮ್ಮದೇ ಅಂದೆ.

"ಮತ್ತೆ ಅವರನ್ಯಾಕೆ ಕೇಳ್ಬೇಕು?"

ಈಗೆಲ್ಲ ಹಾಗೇ ಅತ್ತೆ, ಅಂದೆ. ನನ್ನ ಆಟಗಳೆಲ್ಲ ಅಂಥದೇ ಒಂದು ಪ್ಲಾಟ್‌ಫಾರ್ಮ್‌ನಲ್ಲಿವೆ. ಕಂಪ್ಯೂಟರ್ ಬದಲಾದರೂ ಆಟ ಕಳೆದುಹೋಗಿಲ್ಲ, ಡಿಸ್ಕ್ ಗೀಚಿಹೋಗುವ ರಗಳೆಯಿಲ್ಲ. ನಾಳೆ ಐದು ನಿಮಿಷದ ಕೆಲಸ, ಮಾಡಿಕೊಡುತ್ತೇನೆ ಅಂದೆ. ಅವರು ಹಡಗುಗಳನ್ನು ಒಂದೊಂದಾಗಿ ದಡಕ್ಕೆ ಕಟ್ಟಿ, ಆಟ ಮುಚ್ಚಿದರು.

ಮಾರ್ಚ್ 5, ಬುಧವಾರ

ಐದು ನಿಮಿಷದ ಕೆಲಸ ಎಂದಿದ್ದೆ. ಎರಡು ಸಂಜೆ ಹೋದವು.

ಅಕೌಂಟ್ ಆಯಿತು. ಕೋಡ್ ಹಾಕಿದೆ. "ಈ ಕೋಡ್ ಈಗಾಗಲೇ ಬೇರೊಂದು ಖಾತೆಗೆ ಸೇರಿದೆ." ಮತ್ತೆ ಹಾಕಿದೆ, ಒಂದೊಂದೇ ಅಕ್ಷರ ಅತ್ತೆ ಓದಿ ಹೇಳಿದರು. ಅದೇ ಉತ್ತರ.

ಆಮೇಲೆ ಹೊಳೆಯಿತು — ಇದು ಸೆಕೆಂಡ್ ಹ್ಯಾಂಡ್ ಡಿಸ್ಕ್. ಎರಡು ವರ್ಷದ ಹಿಂದೆ ಹಳೇ ಡಿಸ್ಕ್ ಮಾರುವ ಅಂಗಡಿಯಲ್ಲಿ ತಂದದ್ದು. ಅದಕ್ಕೂ ಮೊದಲು ಯಾರೋ ಕೋಡನ್ನು ತಮ್ಮ ಹೆಸರಿಗೆ ಸೇರಿಸಿಕೊಂಡಿದ್ದಾರೆ. ಆಗ ಅದು ಇಷ್ಟವಿದ್ದರೆ ಮಾತ್ರ, ಕಡ್ಡಾಯವಿರಲಿಲ್ಲ. ಹಾಗಾಗಿ ಇಷ್ಟು ದಿನ ನಮಗೆ ಗೊತ್ತಾಗಲಿಲ್ಲ.

ನೆಟ್ ಕಿತ್ತು ಆಡಿದರೆ? ಅದೂ ಆಗದು. ಮೂವತ್ತೊಂದರ ನಂತರ ತೆರೆದಾಗಲೆಲ್ಲ ಕಂಪನಿಯ ಸರ್ವರ್‌ಗೆ ಹಾಜರಿ ಹಾಕಬೇಕು ಈ ಆಟ.

ಇವರು ಊಟಕ್ಕೆ ಕೂತಾಗ, "ಹೊಸದು ತಗೊಂಡ್ರಾಯ್ತಪ್ಪ" ಎಂದರು. ಆಟದ ಹೊಸ ಆವೃತ್ತಿಗೆ ಅತ್ತೆ ಕಟ್ಟಿದ ಬಂದರು ಬರುವುದಿಲ್ಲ ಎಂದೆ. ಹಳೆಯ ಆವೃತ್ತಿಯನ್ನು ಈಗ ಎಲ್ಲೂ ಮಾರುವುದಿಲ್ಲ ಎಂದೂ ಹೇಳಿದೆ. ಇವರು ಅಮ್ಮನ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ತಲೆಯಾಡಿಸಿ ಊಟ ಮುಂದುವರಿಸಿದರು. ಇಬ್ಬರ ಮಧ್ಯೆ ಬದುಕುವ ಕಲೆ ಅವರಿಗೆ ಸಿದ್ಧಿಸಿದೆ.

ತಟ್ಟೆ ಎತ್ತುವಾಗ ಅತ್ತೆ ಅಂದರು: "ಹಾಗಾದ್ರೆ ಈ ತಿಂಗಳು ಮುಗಿಸ್ಕೊಂಡು ನಾನು ಮಗಳ ಮನೆಗೆ ಹೋಗ್ತೀನಿ. ಮಂಡಿ ಸರಿಹೋಯ್ತಲ್ಲ. ಇಲ್ಲಿ ಕೂತು ಇನ್ನೇನು ಮಾಡ್ಲಿ?"

ಮಾರ್ಚ್ 6, ಗುರುವಾರ. ಊಟದ ಬಿಡುವು

ಲ್ಯಾಬ್‌ನ ಹಿಂದಿನ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ.

ಹೋಗುತ್ತೇನೆ ಎಂದಾಗ ಹಗುರಾಗಬೇಕಿತ್ತಲ್ಲ ನನಗೆ? ಮೂರು ವಾರಕ್ಕೆಂದು ಬಂದವರು ಏಳು ತಿಂಗಳಾದರೂ ಇದ್ದಾರೆ. ಮೊದಮೊದಲು ಮನೆಯಲ್ಲಿ ಮಾತೆಂದರೆ ಮಾತ್ರೆ, ಬಿಸಿನೀರು, ಲೈಟ್ ಆರಿಸಿದೆಯಾ — ಅಷ್ಟೇ. ಅವರು ಸುಮ್ಮನೆ ಕೂತಿರಲಿ ಅಂತಲೇ ಆ ಡಿಸ್ಕ್ ಹಾಕಿಕೊಟ್ಟದ್ದು ನಾನು. ಕಾಲ ಕಳೆಯಲಿ ಅಂತ.

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಜೀವನವಿಡೀ ಯಾರನ್ನು ಯಾರಿಗೆ ಸೇರಿಸಬೇಕು ಎಂದು ನೋಡಿಕೊಂಡವರು. ಯಾವ ಹಡಗು ಯಾವ ಕಟ್ಟೆಗೆ ಎನ್ನುವುದು ನೀರು ಕುಡಿದ ಹಾಗೆ ಬಂತು. ಮಣ್ಣಿನ ದಿಬ್ಬ ಮಾತ್ರ ಇದ್ದ ದ್ವೀಪದಲ್ಲಿ ಗೋದಾಮು, ಕ್ರೇನು, ಕೆಲಸಗಾರರ ಮನೆಗಳು, ಒಂದು ಶಾಲೆ. ಶಾಲೆಯಿಂದ ಆಟದಲ್ಲಿ ಒಂದು ಪಾಯಿಂಟೂ ಬರುವುದಿಲ್ಲ. "ಮಕ್ಕಳು ಹಡಗು ನೋಡ್ತಾ ನಿಂತ್ರೆ ಅಕ್ಷರ ಯಾವಾಗ ಕಲೀತಾವೆ?" ಅಂತ ಕಟ್ಟಿದರು.

ಸಂಜೆ ನಾನು ಬಂದ ಕೂಡಲೇ ಬಂದರಿನ ವರದಿ. ಅದು ಮುಗಿದ ಮೇಲೆ ಬೇರೆ ಮಾತು. ಅವರ ಮೊದಲ ಸಂಬಳದ್ದು, ಮಾವ ಕೋಪಿಸಿಕೊಂಡು ಮಾತು ಬಿಟ್ಟ ವರ್ಷದ್ದು, ನನ್ನ ಅಮ್ಮನದು. ಈ ಮಾತೆಲ್ಲ ಹಡಗಿನ ಜೊತೆ ಬಂದದ್ದು.

ಡಿಸ್ಕ್ ಮಾರಿದವರನ್ನು ಹುಡುಕಲೇಬೇಕು.

ಮಾರ್ಚ್ 8, ಶನಿವಾರ

ಅತ್ತೆಯನ್ನು ಕರೆದುಕೊಂಡು ಡಿಸ್ಕ್ ಅಂಗಡಿಗೆ ಹೋದೆ. ಮೆಟ್ಟಿಲು ಹತ್ತಿದರು, ಕೈ ಹಿಡಿಯಲು ಬಿಡಲಿಲ್ಲ. ಒಳಗೆ ಜಾತ್ರೆ. ಎಲ್ಲರ ಬಾಯಲ್ಲೂ ಅದೇ ಸುದ್ದಿ.

ಅಂಗಡಿಯವನನ್ನು ಎಲ್ಲರೂ ಕನ್ನಡಕ ಅಂತಲೇ ಕರೆಯುವುದು. ಹೊಸ ಆಟದ ಡಬ್ಬಿ ಒಡೆದು ತೋರಿಸಿದ — ಒಳಗೆ ಡಿಸ್ಕೇ ಇಲ್ಲ, ಕೋಡ್ ಬರೆದ ಚೀಟಿ. "ಇದಕ್ಕೆ ಇಷ್ಟು ದೊಡ್ಡ ಡಬ್ಬಿ. ಗಾಳಿ ಮಾರ್ತಾ ಇದೀನಿ ಮೇಡಂ ನಾನು."

ಒಬ್ಬ ಟ್ಯಾಕ್ಸಿ ಡ್ರೈವರ್: "ಕಾಪಿ ಹೊಡೆಯೋರು ಆರಾಮಾಗಿ ಹೊಡೀತಾರೆ. ಕಾಸು ಕೊಟ್ಟೋರಿಗೆ ಬೀಗ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ."

ಹಾಸ್ಟೆಲಿನಲ್ಲಿರುವ ನರ್ಸ್ ಒಬ್ಬಳು ಒಪ್ಪಲಿಲ್ಲ. "ವರ್ಷಕ್ಕೊಂದು ರೂಮ್ ಬದಲಾಯಿಸ್ತೀನಿ ನಾನು. ಡಿಸ್ಕ್ ಹೊತ್ಕೊಂಡು ತಿರುಗೋಕಾಗತ್ತಾ? ನನ್ನ ಆಟ ಎಲ್ಲ ಅಲ್ಲೇ ಭದ್ರವಾಗಿವೆ. ಫ್ರೆಂಡ್ಸೂ ಅಲ್ಲೇ ಸಿಕ್ಕಿದ್ದು."

"ಕಂಪನಿ ಮುಚ್ಚಿದ್ರೆ?" ಡ್ರೈವರ್ ಕೇಳಿದ.

"ನಿನ್ನ ಮನೆಗೆ ಬೆಂಕಿ ಬಿದ್ರೆ?"

ಜೋರಾಯಿತು. ನನಗೆ ಇಬ್ಬರ ಮಾತೂ ಸರಿ ಅನಿಸಿತು, ಮನೆಯಲ್ಲಿ ಇವರು ಮಾಡುವ ಹಾಗೆ ನಾನೂ ಎರಡೂ ಕಡೆ ತಲೆಯಾಡಿಸಿದೆ. ಅತ್ತೆ ಕುರ್ಚಿ ಕೇಳಿ ಪಡೆದು ಕೂತರು. ಅಷ್ಟಕ್ಕೇ ಎಲ್ಲರೂ ಅವರ ಕಡೆ ತಿರುಗಿದರು.

"ಬೇಕಾದವರು ಅಲ್ಲಿಡ್ಲಿ, ಬೇಡ ಅಂದವರು ಮನೇಲಿ ಇಟ್ಕೊಳ್ಳಲಿ. ಅದಕ್ಕೆ ಜಗಳ ಯಾಕೆ? ಕಡ್ಡಾಯ ಅಂದಿದ್ದು ತಪ್ಪು. ಆಟ ಮಾಡಿದೋರು ನಂಗೆ ಆಟ ಕೊಟ್ರು, ಮಧ್ಯೆ ಇವರ್ಯಾರು? ದೇವರು ವರ ಕೊಟ್ರೂ ಪೂಜಾರಿ ಕೊಡಲ್ಲ ಅಂದ ಹಾಗಾಯ್ತು. ಪ್ಲಾಟ್‌ಫಾರ್ಮ್ ಟಿಕೆಟ್ ಮಾತ್ರ ಕೊಡ್ತಾರಂತೆ, ರೈಲು ಹತ್ತಿಸೋದು ಅವರಿಷ್ಟ!"

ಚಪ್ಪಾಳೆ. ನರ್ಸೂ ತಟ್ಟಿದಳು.

ನಮ್ಮ ಡಬ್ಬಿ ಯಾರದೋ ಕನ್ನಡಕನಿಗೆ ನೆನಪಿಲ್ಲ. ತಿರುಗಿಸಿ ನೋಡಿ ನಕ್ಕ. ಮುಖಪುಟದ ಕ್ಯಾಪ್ಟನ್‌ಗೆ ಯಾರೋ ಪೆನ್ನಿನಲ್ಲಿ ಮೀಸೆ ಬರೆದಿದ್ದಾರೆ, ಎರಡೂ ತುದಿ ಕಿವಿಯವರೆಗೆ. "ಇದರ ಫೋಟೊ ಹಾಕಿ, ಆಟಗಾರರ ಫೋರಂನಲ್ಲಿ. ಬರೆದೋರು ಮರೆಯಲ್ಲ." ಫೋರಂ ಇರುವುದೂ ಆ ಪ್ಲಾಟ್‌ಫಾರ್ಮ್‌ನಲ್ಲೇ! ಅತ್ತೆ ಮುಖ ಗಂಟಿಕ್ಕಿದರು, ಆದರೆ ಬೇಡ ಅನ್ನಲಿಲ್ಲ.

ಮಾರ್ಚ್ 11, ಮಂಗಳವಾರ

ಫೋರಂ ಹೊತ್ತಿ ಉರಿಯುತ್ತಿದೆ. ಆಟಕ್ಕೆ ಒಂದೇ ಸ್ಟಾರ್ ಕೊಡುವವರ ಸಾಲು. ಬೈಗುಳ. ಮಧ್ಯೆ ಒಬ್ಬರು ಬರೆದಿದ್ದರು — ದೂರದ ಬೆಟ್ಟದ ಮೇಲೆ ಹವಾಮಾನ ಕೇಂದ್ರದಲ್ಲಿ ಕೆಲಸ, ವಾರಕ್ಕೊಮ್ಮೆ ನೆಟ್ ಬಂದರೆ ಪುಣ್ಯ, ಇದ್ದದ್ದು ಇದೊಂದೇ ಆಟ. ಅದರ ಕೆಳಗೆ ಬೈಗುಳವಿಲ್ಲ. ಎಲ್ಲರೂ ಉಪಾಯ ಹೇಳುತ್ತಿದ್ದಾರೆ.

ನಮ್ಮ ಮೀಸೆಗೆ ನಗುವ ಮುಖಗಳು ಬಂದಿವೆ. ಮಾಲೀಕರು ಬಂದಿಲ್ಲ.

ಮಾರ್ಚ್ 14, ಶುಕ್ರವಾರ

ಇಲ್ಲ.

ನಾದಿನಿ ಫೋನ್ ಮಾಡಿದ್ದಳು. ಅಮ್ಮನಿಗೆ ರೂಮ್ ಸಿದ್ಧ ಮಾಡಿದೀನಿ ಅಂದಳು.

ಮಾರ್ಚ್ 19, ಬುಧವಾರ

ಸಿಕ್ಕಳು!!

"ಆ ಮೀಸೆ ನಂದೇ. ಬರೆದದ್ದು ನಾನೇ, ಬೈಸ್ಕೊಂಡಿದ್ದು ನನ್ನ ತಂಗಿ." ಲಿಫ್ಟ್ ರಿಪೇರಿ ಮಾಡುತ್ತಾಳಂತೆ. ಹೊಸದಾಗಿ ಕೊಂಡ ದಿನ ಅಕೌಂಟಿಗೆ ಸೇರಿಸಿದ್ದಾಳೆ. ಆಗ ಅವಳ ನೆಟ್ ಆಮೆ ವೇಗ. ಅಪ್‌ಡೇಟ್ ಇಳಿಯಲು ಕಾದು ಕಾದು ಸಿಟ್ಟು ಬಂದು, ಡಬ್ಬಿಸಮೇತ ಕನ್ನಡಕನಿಗೆ ಕೊಟ್ಟುಬಿಟ್ಟಳಂತೆ. ಪಾಸ್‌ವರ್ಡ್ ಮರೆತಿದ್ದಾಳೆ, ಈಗ ಬರೆದದ್ದು ಹೊಸ ಅಕೌಂಟಿನಿಂದ. ಹಳೆಯದರ ಇಮೇಲ್ ಅವಳು ಮೊದಲು ಕೆಲಸಕ್ಕಿದ್ದ ಕಂಪನಿಯದು, ಆ ಕಂಪನಿಯೇ ಈಗಿಲ್ಲ.

ಆದರೂ "ನೋಡೋಣ ಬಿಡಿ, ಲಿಫ್ಟ್ ಸಿಕ್ಕಾಕ್ಕೊಂಡ್ರೂ ಬಾಗಿಲು ತೆಗೆಯೋ ದಾರಿ ಒಂದಿರತ್ತೆ" ಎಂದು ಬರೆದಳು. ಅತ್ತೆ ಇದನ್ನು ಎರಡು ಸಲ ಓದಿಸಿಕೊಂಡರು.

ಮಾರ್ಚ್ 22, ಶನಿವಾರ

ಮೀಸೆಯವಳು ಮಧ್ಯಾಹ್ನ ಬಂದಳು. ಗಟ್ಟಿ ಧ್ವನಿ, ಉಗುರಿನಲ್ಲಿ ಗ್ರೀಸ್. ಸೀದಾ ಕಂಪ್ಯೂಟರಿನ ಮುಂದೆ ಹೋಗಿ ಅತ್ತೆಯ ಬಂದರು ನೋಡಿದಳು.

"ನಾನು ಒಂದು ಕಟ್ಟೆ ಕಟ್ಟೋಷ್ಟರಲ್ಲಿ ಕೈ ಬಿಟ್ಟೆ ಅಮ್ಮ. ಇದು ಊರೇ ಆಗಿಬಿಟ್ಟಿದೆ."

"ಸ್ಕೂಲ್ ನೋಡಿದ್ಯಾ?" ಅತ್ತೆ ಕೇಳಿದರು.

ಹೆಲ್ಪ್ ಚಾಟ್ ತೆರೆದೆವು. ಉತ್ತರಿಸುವುದು ಮೆಷಿನ್. ಏನು ಕೇಳಿದರೂ "ಪಾಸ್‌ವರ್ಡ್ ಬದಲಿಸಲು ಇಮೇಲ್ ನೋಡಿ". ನನಗೆ ತಲೆ ಕೆಟ್ಟಿತು. ಅತ್ತೆ ಕೀಬೋರ್ಡ್ ತಮ್ಮ ಕಡೆ ಎಳೆದುಕೊಂಡರು. ಒಂದೇ ಬೆರಳಿನಲ್ಲಿ, ಎಕ್ಸ್‌ಚೇಂಜಿನ ಮರ್ಯಾದೆಯಲ್ಲಿ: ನಮಸ್ಕಾರ, ನಿಮ್ಮ ಉತ್ತರಕ್ಕೆ ಧನ್ಯವಾದ, ಅದರಿಂದ ನಮ್ಮ ಕೆಲಸ ಆಗಲಿಲ್ಲ, ದಯವಿಟ್ಟು ಮನುಷ್ಯರಿಗೆ ಕೊಡಿ. ಮೆಷಿನ್ ಅದೇ ಹೇಳಿತು. ಅತ್ತೆಯೂ ಅದನ್ನೇ ಬರೆದರು. ಮೀಸೆಯವಳು ನಕ್ಕು ನಕ್ಕು ಸೋಫಾದಿಂದ ಕೆಳಗೆ ಬಂದಳು.

ಚಹಾ ಆರಿತು. ಎರಡನೆಯ ಚಹಾ ಮಾಡಿದೆ. ಅದೂ ಆರುವಷ್ಟರಲ್ಲಿ ಬಂತು: "ನಮಸ್ಕಾರ, ನಾನು ಮನುಷ್ಯಳೇ. ಹೇಳಿ."

ಮೀಸೆಯವಳು ಡಬ್ಬಿಯ ಕೋಡ್ ಚೀಟಿ ಹಿಡಿದಿರುವ ಫೋಟೊ ಕಳಿಸಿದೆವು. ಅಕೌಂಟ್ ಅವಳಿಗೆ ವಾಪಸ್ ಕೊಡುತ್ತಾರಂತೆ, ವಾರದೊಳಗೆ. ಆದರೆ ಆಟವನ್ನು ಬೇರೆಯವರ ಹೆಸರಿಗೆ ಬರೆಯಲು ಬರುವುದಿಲ್ಲ. ನಿಯಮ.

ಅತ್ತೆಯ ಮುಖ ಇಳಿಯಿತು. ಮತ್ತೆ ಟೈಪ್ ಮಾಡಿದರು — ಬೇರೆ ಏನಾದರೂ ದಾರಿ ಇದ್ದರೆ ತಿಳಿಸಿ ಮಗಳೇ.

ಬಹಳ ಹೊತ್ತಾದ ಮೇಲೆ ಉತ್ತರ: "ಕುಟುಂಬದವರು ಒಬ್ಬರ ಆಟ ಒಬ್ಬರು ಆಡಬಹುದು. ಖಾತೆಯವರು ನಿಮ್ಮನ್ನು ಕುಟುಂಬಕ್ಕೆ ಸೇರಿಸಿಕೊಂಡರೆ ಸಾಕು. ಕುಟುಂಬ ಅಂದರೆ ಯಾರು ಅಂತ ನಿಯಮದಲ್ಲಿ ಬರೆದಿಲ್ಲ."

ಮಾರ್ಚ್ 27, ಗುರುವಾರ

ಕಂಪನಿ ಪ್ರಕಟಣೆ. ಇಷ್ಟೊಂದು ಜನ ಬೇಸರ ಮಾಡಿಕೊಳ್ಳುತ್ತಾರೆ ಎಂದುಕೊಂಡಿರಲಿಲ್ಲವಂತೆ. ಹಳೆಯ ಆಟಗಳು ನೆಟ್ ಇಲ್ಲದೆಯೂ, ಅಕೌಂಟ್ ಇಲ್ಲದೆಯೂ ನಡೆಯುವ ಹಾಗೆ ವರ್ಷದೊಳಗೆ ಮಾಡಿಕೊಡುತ್ತಾರಂತೆ. ಮೂವತ್ತೊಂದರ ಗಡುವು ಮಾತ್ರ ಬದಲಾಗದು.

"ವರ್ಷದೊಳಗೆ ಅಂದ್ರೆ ಯಾವ ವರ್ಷ?" — ಅತ್ತೆ.

ಆದರೂ ಬೆಟ್ಟದ ಮೇಲಿನವರು ಫೋರಂನಲ್ಲಿ ಒಂದೇ ಪದ ಬರೆದಿದ್ದಾರೆ: ಕಾಯುತ್ತೇನೆ.

ಮಾರ್ಚ್ 30, ಭಾನುವಾರ

ಮೀಸೆಯವಳ ಅಕೌಂಟ್ ನಿನ್ನೆ ಬಂತು. ಇವತ್ತು ಇಲ್ಲಿಗೇ ಬಂದು ಕೂತು ಸೇರಿಸಿದಳು. ಕುಟುಂಬದ ಹೆಸರೇನು ಅಂತ ಕೇಳಿತು. "ಮೀಸೆ" ಅಂತ ಹಾಕಿದಳು. ಅತ್ತೆ ತಾವೇ 'ಒಪ್ಪಿದೆ' ಒತ್ತಿದರು.

ಆಟ ತೆರೆದೆ. ಖಾಲಿ ಸಮುದ್ರ. ಮಣ್ಣಿನ ದಿಬ್ಬ. ಒಂದು ಕಟ್ಟೆಯೂ ಇಲ್ಲ.

ಅತ್ತೆ ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡರು, ಹಾಕಿಕೊಳ್ಳಲಿಲ್ಲ. "ಇರಲಿ ಬಿಡಮ್ಮ. ನೀನು ಎಷ್ಟು ಓಡಾಡಿದೆ. ಸಾಕು."

ನನಗೆ ಸಾಕಾಗಿರಲಿಲ್ಲ. ಹೊಸ ಅಕೌಂಟಿಗೆ ಆಟ ಉಳಿಸಿಡಲು ಬೇರೆ ಫೋಲ್ಡರ್ ಮಾಡಿರಬೇಕು ಎಂದು ಹುಡುಕಿದೆ. ಹಳೆಯದು ಇತ್ತು, ಇದ್ದಲ್ಲೇ. ನಕಲು ಮಾಡಿ ಹೊಸದರೊಳಗಿಟ್ಟೆ. ಕೂದಲೆಳೆಯಷ್ಟು ಸಂದಿಗೆ ಹಲ್ಲು ಕೂರಿಸುವ ಹಾಗೆ, ಒಂದೊಂದೇ ಫೈಲಿನ ಹೆಸರು ಸರಿನೋಡಿದೆ.

ಮತ್ತೆ ತೆರೆದೆ. ಗೋದಾಮು. ಕ್ರೇನು. ಶಾಲೆ.

ಅತ್ತೆ ನನ್ನ ಕೈ ಹಿಡಿದುಕೊಂಡರು. ಪ್ಲಾಸ್ಟರ್ ವಾಸನೆಯ ಕೈ. ಬಿಡಲೇ ಇಲ್ಲ, ಒಂದೇ ಕೈಯಲ್ಲಿ ಕನ್ನಡಕ ಹಾಕಿಕೊಂಡರು.

ಏಪ್ರಿಲ್ 1, ಮಂಗಳವಾರ

ಹೊಸ ನಿಯಮದ ಮೊದಲ ದಿನ. ತೆರೆಯಿತು. ಲ್ಯಾಬ್‌ಗೆ ಅತ್ತೆ ಫೋನ್ ಮಾಡಿ ಹೇಳಿದರು. ಫೋನ್ ಇಟ್ಟ ಮೇಲೆ ದವಡೆಯ ಅಚ್ಚು ಹಿಡಿದು ಸುಮ್ಮನೆ ನಗುತ್ತ ಕೂತಿದ್ದೆನಂತೆ. ಪಕ್ಕದ ಟೇಬಲ್‌ನವಳು ಹೇಳಿದಳು.

ಸಂಜೆ ನಾದಿನಿಯ ಫೋನ್. ಈ ಕಡೆಯಿಂದ ಅತ್ತೆಯ ಮಾತು ಮಾತ್ರ ಕೇಳಿಸಿತು:

"ರೂಮ್ ಚೆನ್ನಾಗಿದೆ ಅಂತ ಗೊತ್ತು ಕಣೇ... ಬರ್ತೀನಿ, ನಾಲ್ಕು ದಿನ ಇದ್ದು ಬರ್ತೀನಿ... ಇಲ್ಲ ಇಲ್ಲ, ಪೂರ್ತಿ ಬರಕ್ಕಾಗಲ್ಲ. ಇಲ್ಲಿ ಕೆಲಸ ಇದೆ ನಂಗೆ."

ಇವರು ನನ್ನ ಕಡೆ ನೋಡಿ ಹುಬ್ಬೇರಿಸಿದರು. ತಲೆಯಾಡಿಸಲಿಲ್ಲ.

ಏಪ್ರಿಲ್ 6, ಭಾನುವಾರ

ಮೀಸೆಯವಳು ತಂಗಿಯನ್ನೂ ಕರೆತಂದಿದ್ದಾಳೆ. ಅವತ್ತು ಬೈಸಿಕೊಂಡವಳು. ಹಾಲ್‌ನಲ್ಲಿ ಗಲಾಟೆ. ದೀಪಸ್ತಂಭ ಬಂಡೆಯ ಮೇಲಿರಬೇಕೋ ಕಟ್ಟೆಯ ತುದಿಯಲ್ಲೋ ಅಂತ ವಾದ. ತಂಗಿ ಬಂಡೆ ಅನ್ನುತ್ತಾಳೆ, ಅತ್ತೆ ಕಟ್ಟೆ ಅನ್ನುತ್ತಾರೆ, ಮೀಸೆಯವಳು ಎರಡೂ ಕಡೆ ಉಪ್ಪುಖಾರ ಹಚ್ಚುತ್ತಿದ್ದಾಳೆ. ಇವರು ಐದು ಕಪ್ ತೊಳೆದಿಟ್ಟರು.

ಐದು ನಿಮಿಷ ಬರೆದು ಬರುತ್ತೇನೆ ಎಂದು ಒಳಗೆ ಬಂದೆ. ಬಿಡುತ್ತಿಲ್ಲ. ಅತ್ತೆ ಕೂಗುತ್ತಿದ್ದಾರೆ — "ಬಾರೇ ಬೇಗ, ಮಂಜು ಕವೀತಾ ಇದೆ, ದೊಡ್ಡ ಹಡಗು ಬಂದೇಬಿಡ್ತು, ಎಲ್ಲಿ ಕಟ್ಲಿ ಹೇಳು!"

ಬಾರೇ ಅಂದರು. ಇಷ್ಟು ವರ್ಷದಲ್ಲಿ ನನ್ನನ್ನು ಹಾಗೆ ಕರೆದದ್ದು ಇದೇ ಮೊದಲು.