ತೊಳೆಯದ ಭಟ್ಟಿ

ಸೇಂತ್-ಎರಾಂ, ಲೂರ್ ಬೆಟ್ಟ
೧೦ ಆಗಸ್ಟ್ ೧೯೨೭

ಫಿರ್ಮಿನ್‌ಗೆ ಅವನ ಹೆಂಡತಿ ಒರ್ಸೋಲಾ ತಿಳಿಸುವುದು ಏನೆಂದರೆ,

ನಿನ್ನ ಕ್ಷೇಮ ಕೇಳುವುದಿಲ್ಲ. ಜೈಲಿನಲ್ಲಿರುವವನ ಕ್ಷೇಮ ಎಷ್ಟಿರುತ್ತದೆಂದು ನನಗೂ ಗೊತ್ತು. ಇಲ್ಲಿ ನಾನು ಬದುಕಿದ್ದೇನೆ, ಹೇಸರಗತ್ತೆ ಬದುಕಿದೆ, ನಿನ್ನ ತಮ್ಮ ಬ್ಲೇಸ್ ಬದುಕಿದ್ದಾನೆ. ಮೂರನೆಯ ಸುದ್ದಿ ನಿನಗೆ ರುಚಿಸುವುದಿಲ್ಲ.

ಹೋದ ವಾರ ನಿನ್ನ ಜೊತೆ ಜೈಲಿನಲ್ಲಿದ್ದ ಆ ಮುರುಕು ಮೂಗಿನವನು ಬಿಡುಗಡೆಯಾಗಿ ಊರಿಗೆ ಹೋಗುತ್ತ ನಮ್ಮ ಬಾಗಿಲಿಗೆ ಬಂದಿದ್ದ. ಕಡಲೆ ಸೂಪು, ಒಣರೊಟ್ಟಿ ಹಾಕಿದೆ. ಉಂಡು ಬಾಯಿ ಒರೆಸಿಕೊಂಡು ನೀನು ಹೇಳಿಕಳಿಸಿದ್ದನ್ನು ಒಪ್ಪಿಸಿದ: "ಇಪ್ಪತ್ತೆರಡಕ್ಕೆ ಹೊರಗ್ ಬರ್ತೀನಿ. ಹೋದ್ಸಲ ಬ್ಲೇಸ್‌ದು ಕೈ ಮಾತ್ರ ತೆಗೆದಿದ್ದು ತಪ್ಪಾಯ್ತು. ಈ ಸಲ ಕುತ್ತಿಗೆಯಿಂದ್ಲೇ ಶುರು ಮಾಡ್ತೀನಿ." ಕೊಟ್ಟ ಊಟಕ್ಕೆ ಒಳ್ಳೆಯ ಬೆಲೆ ತೆತ್ತ ಪುಣ್ಯಾತ್ಮ.

ಹನ್ನೆರಡು ದಿನ ಉಳಿದಿದೆ. ಅಷ್ಟರೊಳಗೆ ನಿನಗೆ ಒಂದು ಮಾತು ಮುಟ್ಟಲೇಬೇಕು. ಅವತ್ತು ನಮ್ಮ ಲ್ಯಾವೆಂಡರ್ ಎಣ್ಣೆ ಕೆಡಿಸಿದ್ದು ಬ್ಲೇಸ್ ಅಲ್ಲ, ಫಿರ್ಮಿನ್. ಕೆಡಿಸಿದ್ದು ನಾನು.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ನೀನು ನಂಬುವ ಆಸಾಮಿಯಲ್ಲ. ಮೈದುನನನ್ನು ಉಳಿಸುವುದಕ್ಕೆ ಕತೆ ಕಟ್ಟಿದ್ದಾಳೆ ಅನ್ನುತ್ತೀಯ. ಅದಕ್ಕೇ ಬುಡದಿಂದ ಹೇಳುತ್ತೇನೆ.

ಎರಡು ವರ್ಷದ ಹಿಂದಿನ ಆ ಸೋಮವಾರ ನೀವು ಅಣ್ಣತಮ್ಮ ಇಬ್ಬರೂ ಬೆಟ್ಟದ ನೆತ್ತಿಯಲ್ಲಿ ಲ್ಯಾವೆಂಡರ್ ಕೊಯ್ಯುತ್ತಿದ್ದಿರಿ. ಹೊಳೆದಂಡೆಯಲ್ಲಿ ಹೂವಿನ ಎಣ್ಣೆ ಇಳಿಸುವ ಊರಭಟ್ಟಿಯಲ್ಲಿ ಅಂದು ನಮ್ಮ ಸರದಿ. ನಮಗಿಂತ ಮುಂಚಿನ ಸರದಿ ವಿಧವೆ ಕ್ಲಾರಿಸ್‌ದು. ಅವಳು ಬೇಯಿಸಿದ್ದು ಕೆಳಗಿನ ಇಳಿಜಾರಿನ ಆಸ್ಪಿಕ್. ನೋಡುವುದಕ್ಕೆ ಲ್ಯಾವೆಂಡರಿನ ದಾಯಾದಿ, ಮೂಸಿದರೆ ಮೂಗಿಗೆ ಒದೆಯುವ ಕರ್ಪೂರ. ಆಸ್ಪಿಕ್ ಆದಮೇಲೆ ಬರೀ ನೀರು ತುಂಬಿ ಅರ್ಧ ದಿನ ಕುದಿಸಿ, ಆ ಹಬೆಯನ್ನು ನಳಿಗೆಯಲ್ಲಿ ಹಾಯಿಸಿ ಭಟ್ಟಿ ತೊಳೆಯದೆ ಒಂದು ಹೂವನ್ನೂ ಹಾಕಬಾರದು ಎಂಬುದು ಇಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ನನಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಆದರೆ ಕ್ಲಾರಿಸ್ ಗಾಡಿ ಹತ್ತುತ್ತ ಸೊಂಟದ ಮೇಲೆ ಕೈಯಿಟ್ಟುಕೊಂಡು ಹೇಳಿದಳು: "ಏ ಪಿಯೆಮೊಂತಿನ ಕೂಲಿಯವಳೇ, ಚೆನ್ನಾಗಿ ತೊಳ್ಕೋ. ನಿಮ್ಮಪ್ಪನ ಮನೇಲಿ ತಾಮ್ರದ ಹಂಡೆ ಎಲ್ ನೋಡಿದ್ದೆ ನೀನು!"

ಕೊಯ್ಲಿನ ಕೂಲಿಗೆ ಇಟಲಿಯಿಂದ ಗಡಿ ದಾಟಿ ಬಂದವಳು ನಿನ್ನ ಕೈ ಹಿಡಿದು ಹದಿನಾಲ್ಕು ವರ್ಷವಾಗಿತ್ತು. ಆದರೂ ಕೂಲಿಯವಳು. ಮೈಯೆಲ್ಲ ಉರಿದುಹೋಯಿತು. ನೀನು ಹೇಳಿದೆ ಅಂತಲೇ ತೊಳೆಯುವುದಿಲ್ಲ ಹೋಗೇ ಎಂದು ಅವಳಿಗೆ ಮನಸ್ಸಿನಲ್ಲೇ ಅಂದುಕೊಂಡು ನಮ್ಮ ಹೂವನ್ನು ಹಂಡೆಗೆ ತುರುಕಿ, ಕಾಲಲ್ಲಿ ತುಳಿದು, ಮುಚ್ಚಳ ಹಾಕಿ ಬೆಂಕಿ ಇಟ್ಟೆ. ಮೊಂಡುತನ, ಮತ್ತೇನೂ ಅಲ್ಲ. ದಿನವೆಲ್ಲ ಆ ವಾಸನೆಯಲ್ಲೇ ಕೂತ ಮೂಗಿಗೆ ಎಣ್ಣೆ ಕೆಟ್ಟದ್ದೂ ತಿಳಿಯಲಿಲ್ಲ. ಸಂಜೆ ಬ್ಲೇಸ್ ಇಳಿದು ಬಂದು ಒಲೆ ನೋಡಿಕೊಂಡ, ನಾನು ಮನೆಗೆ ಬಂದೆ.

ಶನಿವಾರ ಗ್ರಾಸ್‌ನ ಅತ್ತರಿನವರ ಕಡೆಯಿಂದ ಬಂದ ದಲ್ಲಾಳಿ ನಮ್ಮ ಎಣ್ಣೆಗೆ ಕಾಗದದ ಪಟ್ಟಿ ಅದ್ದಿ ಮೂಸಿ, ಚೌಕದಲ್ಲಿ ಎಲ್ಲರೆದುರು ನಿನಗೆ ಅಂದನಂತಲ್ಲ, ಕತ್ತೆಕಾಲು ಉಳುಕಿದಾಗ ತಿಕ್ಕೋಕೆ ಇಟ್ಕೋ ರೂಗಿಯೆ ಎಂದು. ನಿಮ್ಮ ತಾತನ ಕಾಲದಿಂದ ರೂಗಿಯೆ ಮನೆತನದ ಎಣ್ಣೆಗೆ ಯಾರೂ ಹಾಗೆ ಅಂದಿರಲಿಲ್ಲ. ನೀನು ಮನೆಗೆ ಬಂದಾಗ ಮುಖದಲ್ಲಿ ರಕ್ತವಿರಲಿಲ್ಲ. ನನ್ನ ಜಡೆ ಹಿಡಿದು ಬಾಗಿಲಿಗೆ ಅದುಮಿ, ಎಣ್ಣೆ ಡಬ್ಬ ಮುಟ್ಟಿದ್ದು ಯಾರೇ ಎಂದು ಕೇಳಿದೆ. ಅದಕ್ಕೆ ಹಿಂದಿನ ಚಳಿಗಾಲದಲ್ಲೇ ನನ್ನ ಎರಡು ಹಲ್ಲು ಉದುರಿಸಿದ್ದೆ. ಕಾರಣ ಉಪ್ಪು ಹೆಚ್ಚಾದದ್ದು. ಉಪ್ಪಿಗೆ ಎರಡು ಹಲ್ಲಾದರೆ ಇದಕ್ಕೆ ಏನು ಹೋದೀತೆಂದು ಲೆಕ್ಕ ಹಾಕುವಷ್ಟು ಬುದ್ಧಿ ನನಗಿತ್ತು. "ನಂಗೇನ್ ಗೊತ್ತು, ಸೋಮವಾರ ಸಂಜೆ ಭಟ್ಟಿ ಹತ್ರ ಇದ್ದಿದ್ದು ಬ್ಲೇಸ್" ಅಂದೆ.

ಅಷ್ಟೇ ಸಾಕಾಯಿತು, ಅವನೇ ಆಸ್ಪಿಕ್ ಬೆರೆಸಿದನೆಂದು ನೀನು ನಂಬಿಬಿಟ್ಟೆ. ಕೆಳಗಿನ ಆಸ್ಪಿಕ್ಕನ್ನೂ ಕೊಯ್ಯೋಣ, ಸೋಪು ಮಾಡುವವರು ಕೊಳ್ಳುತ್ತಾರೆ ಎಂದು ಅವನು ಎರಡು ವರ್ಷದಿಂದ ನಿನ್ನ ಹತ್ತಿರ ವಾದ ಮಾಡುತ್ತಿದ್ದ. ಅದು ನನಗೆ ಗೊತ್ತಿದ್ದೇ ಹೆಸರು ಎತ್ತಿದ್ದು. ಪಾಪ ಸುತ್ತಿಕೊಳ್ಳಲಿ, ನಾನು ಸುಳ್ಳು ಹೇಳುವುದಿಲ್ಲ ಇವತ್ತು.

ಭಟ್ಟಿಯ ಹತ್ತಿರ ಆದದ್ದನ್ನು ನೀನು ಜಡ್ಜಿನ ಮುಂದೆ ನೆನಪಿಲ್ಲ ಅಂದೆ. ನನಗೆ ನೆನಪಿದೆ, ಕೇಳು. ಬ್ಲೇಸ್ ಬಗ್ಗಿ ಸೌದೆ ಒಟ್ಟುತ್ತಿದ್ದ. ನೀನು ಹೋದವನೇ ಬೂಟುಗಾಲಿನಿಂದ ಪಕ್ಕೆಗೆ ಒದ್ದೆ. ಅವನು ಹೊರಳಿ ಕುದಿಯುವ ಹಂಡೆಗೆ ಎದೆಕೊಟ್ಟು ಬಿದ್ದ. ಅಂಗಿ ತಾಮ್ರಕ್ಕೆ ಅಂಟಿತು, ಚರ್ಮವೂ ಅಂಟಿತು. ಕಿತ್ತುಕೊಂಡು ತಿರುಗಿ ಏನಣ್ಣಾ, ನಾನೇನ್ ಮಾಡ್ದೆ ಅನ್ನುತ್ತ ಬಲಗೈ ಅಡ್ಡ ತಂದ. ನೀನು ಕುಡುಗೋಲು ಬೀಸಿದೆ. ಒಮ್ಮೆಯಲ್ಲ, ಮೂರು ಸಲ. ಬೆರಳು ಹೂವಿನ ರಾಶಿಯೊಳಗೆ ಬಿದ್ದವು. ನಾಲ್ಕನೆಯದನ್ನು ಕುತ್ತಿಗೆಗೆ ಎತ್ತಿದಾಗ ಕುರುಬರು ಓಡಿ ಬಂದು ನಿನ್ನನ್ನು ಕೆಡವಿದರು. ಮನೆಯಿಂದ ನಿನ್ನ ಹಿಂದೆಯೇ ಓಡಿ ಬಂದಿದ್ದ ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ. ಬರುವಾಗ ಎತ್ತಿಕೊಂಡ, ಹಂಡೆಯಿಂದ ಬೆಂದ ಹುಲ್ಲು ಎಳೆಯುವ ಕವೆಗೋಲು ಕೈಯಲ್ಲಿತ್ತು. ನಿನ್ನ ಬೆನ್ನಿಗೆ ಒಂದು ಇಟ್ಟಿದ್ದರೆ, ಹೋಗಲಿ, ನಾನೇ ಕಣೋ ಎಂದು ಒಂದು ಸಲ ಕೂಗಿದ್ದರೆ ಸಾಕಿತ್ತು. ಕೂಗಲಿಲ್ಲ.

ಆಮೇಲೆ ಆ ಯಾರಿಗೂ ಬೇಡದ ಎಣ್ಣೆಯನ್ನೇ ತಂದು ಅವನ ಕೈಗೆ, ಎದೆಗೆ ಸುರಿದೆ. ಸುಟ್ಟರೂ ಕೊಯ್ದರೂ ಹಾವು ಕಚ್ಚಿದರೂ ನಮಗೆ ಇರುವುದು ಅದೇ ಮದ್ದು ತಾನೆ. ನೆತ್ತಿಯ ಲ್ಯಾವೆಂಡರಿನದೇ ಆಗಿದ್ದರೆ ಉರಿ ಇಳಿಯುತ್ತಿತ್ತು. ಇದು ಕರ್ಪೂರ ಬೆರೆತ ಎಣ್ಣೆ, ಹಸಿಗಾಯಕ್ಕೆ ಬಿದ್ದಾಗ ಅವನು ಕಿರುಚಿದ ರೀತಿಗೆ ಹೇಸರಗತ್ತೆ ಹಗ್ಗ ಹರಿದುಕೊಂಡು ಓಡಿತು. ಆಗ ಆ ವಾಸನೆ ನನ್ನ ಮೂಗಿಗೂ ಬಡಿಯಿತು. ಕ್ಲಾರಿಸಳ ಆಸ್ಪಿಕ್. ಕೆಡಿಸಿದ್ದು ನಾನೇ ಎಂಬುದಕ್ಕೆ ಇನ್ನು ಅನುಮಾನ ಉಳಿಯಲಿಲ್ಲ, ಬಾಯಿ ಮುಚ್ಚಿಕೊಂಡೆ. ಕೋರ್ಟಿನಲ್ಲೂ ಮುಚ್ಚಿಕೊಂಡೆ. ನನಗಿಂತ ಮುಂಚೆ ಆಸ್ಪಿಕ್ ಬೇಯಿಸಿದ್ದು ತಾನೆಂದು ಬಾಯಿಬಿಡಬಹುದಾಗಿದ್ದ ಕ್ಲಾರಿಸ್ ಆ ಚಳಿಗಾಲದಲ್ಲೇ ಸತ್ತಳು, ನನಗೆ ಹಾಯೆನಿಸಿತು.

ನಿನಗೆ ಎರಡು ವರ್ಷ ಗೋಡೆಯೊಳಗೆ. ಅವನಿಗೆ ಗೋಡೆಯಿಲ್ಲದ ಜೈಲು. ಊರೆಲ್ಲ ಅವನನ್ನು ಆಸ್ಪಿಕ್ ಬ್ಲೇಸ್ ಅನ್ನುತ್ತದೆ. ಅವನು ಚರ್ಚಿಗೆ ಬಂದರೆ ಹೆಂಗಸರು ಮೂಗು ಮುಚ್ಚಿಕೊಳ್ಳುತ್ತಾರೆ. ಅವನು ಮುಟ್ಟಿದ ಹೂವನ್ನು ಯಾರೂ ತಮ್ಮ ರಾಶಿಗೆ ಸೇರಿಸುವುದಿಲ್ಲ. ಮೇಲಿನ ಕುರಿದೊಡ್ಡಿಯಲ್ಲಿ ಮಲಗುತ್ತಾನೆ. ನನ್ನ ಹೊಲ ಉತ್ತು, ಎಡಗೈಯಲ್ಲಿ ನನ್ನ ಹೂವು ಕೊಯ್ದು, ನಾನು ಬಡಿಸಿದ್ದನ್ನು ಅತ್ತಿಗೆ ಚೆನ್ನಾಗಿದೆ ಎಂದು ಉಂಡು ಹೋಗುತ್ತಾನೆ. ಆ ಅನ್ನದ ಮುಂದೆ ಕೂತು ಎರಡು ವರ್ಷ ನಾನು ಹೇಗೆ ಉಂಡೆನೋ ದೇವರಿಗೇ ಗೊತ್ತು.

ಬರುವ ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಮೆಟ್ಟಿಲ ಮೇಲೆ ನಿಂತು ಇಡೀ ಊರಿಗೆ ಹೇಳುತ್ತೇನೆ. ಉಗಿಯಲಿ. ನೀನು ಬಂದಾಗ ಬ್ಲೇಸ್‌ನನ್ನು ಮುಟ್ಟಬೇಡ. ಹೊಡೆಯಲೇಬೇಕಿದ್ದರೆ ಮನೆಗೆ ಬಾ, ಬಾಗಿಲು ತೆಗೆದಿಟ್ಟಿರುತ್ತೇನೆ. ಆದರೆ ಈ ಸಲ ಹಲ್ಲು ಎಣಿಸಿಕೊಂಡು ನಿಲ್ಲುವ ಒರ್ಸೋಲಾ ಸಿಗುವುದಿಲ್ಲ. ಕವೆಗೋಲು ಬಾಗಿಲ ಹಿಂದೆಯೇ ಇದೆ. ಅವತ್ತು ಎತ್ತದ ಕೈ ಇವತ್ತು ಎತ್ತುತ್ತದೆ, ತಿಳಿದಿರಲಿ.

ಇಷ್ಟರ ಮೇಲೆ ನಿನ್ನಿಷ್ಟ.

ನಿನ್ನ ಹೆಂಡತಿ ಹೌದೋ ಅಲ್ಲವೋ ನೀನೇ ತೀರ್ಮಾನಿಸು,
ಒರ್ಸೋಲಾ
(ಅವಳ ಗುರುತು: ×)

ಮರೆತ ಮಾತು: ನನಗೆ ಅಕ್ಷರ ಬರುವುದಿಲ್ಲವೆಂದು ನಿನಗೆ ಗೊತ್ತು. ಇದನ್ನು ಯಾರು ಬರೆದುಕೊಟ್ಟರೆಂದು ಮೊದಲ ಸಾಲಿನಿಂದ ಯೋಚಿಸುತ್ತಿರುತ್ತೀಯ. ಪಾದ್ರಿ ಅಲ್ಲ. ಬ್ಲೇಸ್. ಎಡಗೈ ಬರಹ, ಅದಕ್ಕೇ ಹೀಗೆ ಸೊಟ್ಟಗಿದೆ. ಮುಖ ನೋಡಿ ಹೇಳುವ ಧೈರ್ಯ ಇರಲಿಲ್ಲ, ನಿನಗೆ ಹೇಳುವ ನೆಪದಲ್ಲಿ ಗೋಡೆ ಕಡೆ ತಿರುಗಿ ಕೂತು ಅವನಿಗೆ ಹೇಳಿದೆ. ಕೆಡಿಸಿದ್ದು ನಾನು ಅಂದಾಗ ಲೇಖನಿ ನಿಂತಿತು. ಆಮೇಲೆ ಅದನ್ನು ಮತ್ತೆ ಶಾಯಿಗೆ ಅದ್ದಿದ ಸದ್ದಾಯಿತು, ಮುಂದಕ್ಕೆ ಹೇಳಿ ಅಂದ. ಅತ್ತಿಗೆ ಎಂಬ ಮಾತು ಸೇರಿಸಲಿಲ್ಲ. ಎಲ್ಲ ಮುಗಿದು ಗುರುತು ಹಾಕಿದ ಮೇಲೆ ಏನಾದರೂ ಅನ್ನಪ್ಪ ಎಂದು ಬೇಡಿಕೊಂಡೆ. ಅವನು ಅಂದದ್ದನ್ನೂ ಬರಿ ಅಂದೆ, ಬರೆಯುತ್ತಿದ್ದಾನೆ: "ಅಣ್ಣ ನಿಮ್ ಮೇಲೆ ಕುಡುಗೋಲು ಎತ್ತಿದ್ರೆ ನಾನು ಹತ್ತು ಹೆಜ್ಜೆ ದೂರದಲ್ಲಿ ನಿಂತ್ಕೊಂಡು ನೋಡ್ತೀನಿ."